ಪುರಸಭೆಯ ಖಾಲಿ ಕುರ್ಚಿ

ನಮ್ಮ ಸಣ್ಣ ಊರುಗಳ ಚಹಾದಂಗಡಿಗಳಲ್ಲಿ ದೆಹಲಿಯ ಸರ್ಕಾರ ದಿನಕ್ಕೆ ಎರಡು ಸಲವಾದರೂ ಬೀಳುತ್ತದೆ. ಬೆಳಗಿನ ಪತ್ರಿಕೆ ಬಂದಾಗ ಒಮ್ಮೆ, ರಾತ್ರಿ ಟಿ.ವಿ. ಚರ್ಚೆ ಮುಗಿದ ಮೇಲೆ ಇನ್ನೊಮ್ಮೆ. ಪ್ಯಾಲೆಸ್ತೀನಿನ ಬಗ್ಗೆ, ಅಮೆರಿಕದ ಬಗ್ಗೆ, ಮುಂದಿನ ಮುಖ್ಯಮಂತ್ರಿ ಯಾರಾಗಬೇಕೆಂಬುದರ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯ ಅಲ್ಲಿ ಸಿಗುವುದಿಲ್ಲ. ಅದೇ ಅಂಗಡಿಯ ಮುಂದೆ ಗಟಾರ ಕಟ್ಟಿಕೊಂಡು ನಿಂತಿರುತ್ತದೆ, ನಳಕ್ಕೆ ವಾರಕ್ಕೊಮ್ಮೆ ನೀರು ಬರುತ್ತಿರುತ್ತದೆ. ಈ ಊರಿನ ಪುರಸಭೆ ಕೊನೆಯ ಸಲ ಸಭೆ ಸೇರಿದ್ದು ಯಾವಾಗ ಎಂದು ಕೇಳಿದರೆ ಮಾತ್ರ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಹೀಗೆ ಮುಖ ನೋಡಿಕೊಳ್ಳುವುದಕ್ಕೆ ಕಾರಣವೂ ಇದೆ. 2018ರ ಆಗಸ್ಟ್ 31ರಂದು ಕರ್ನಾಟಕದ ನೂರೈದು ನಗರ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆಯಿತು. ಮೂರು ದಿನದಲ್ಲಿ ಫಲಿತಾಂಶ ಬಂತು, ಪಟಾಕಿ ಹೊಡೆದದ್ದಾಯಿತು, ಹಾರ ಹಾಕಿದ್ದಾಯಿತು. ಆಮೇಲೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಹೈಕೋರ್ಟಿನ ಮೆಟ್ಟಿಲೇರಿತು. ಪಟ್ಟಿ ಬದಲಾಯಿತು, ಮತ್ತೆ ತಕರಾರು ಬಂತು. ಗೆದ್ದ ಸದಸ್ಯರು ಅಧ್ಯಕ್ಷರನ್ನು ಆರಿಸಿಕೊಂಡಾಗ 2020ರ ಕೊನೆ ಬಂದಿತ್ತು. ಎರಡು ವರ್ಷಕ್ಕೂ ಮೇಲ್ಪಟ್ಟು ಜನ ಆರಿಸಿ ಕಳಿಸಿದವರು ಮನೆಯಲ್ಲಿ ಕುಳಿತಿದ್ದರು, ಊರಿನ ಕುರ್ಚಿಯಲ್ಲಿ ಸರ್ಕಾರಿ ಆಡಳಿತಾಧಿಕಾರಿ ಕುಳಿತಿದ್ದರು. ಮೂವತ್ತು ತಿಂಗಳ ಮೊದಲ ಅವಧಿ 2023ರಲ್ಲಿ ಮುಗಿದಾಗ ಅದೇ ಕತೆ ಮರುಕಳಿಸಿತು. ಎರಡನೆಯ ಅವಧಿಯ ಮೀಸಲಾತಿ ಪಟ್ಟಿ ಹೊರಬಂದದ್ದು 2024ರ ಆಗಸ್ಟಿನಲ್ಲಿ. ರಾಜಧಾನಿಯ ಕತೆ ಇದಕ್ಕಿಂತ ದೊಡ್ಡದು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಐದು ವರ್ಷ ಚುನಾವಣೆಯಿಲ್ಲದೆ ಕಳೆದು, 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯನ್ನೇ ಐದು ಪಾಲಿಕೆಗಳಾಗಿ ಒಡೆಯಲಾಯಿತು.

ವಿಧಾನಸಭೆಗೆ ಎರಡು ತಿಂಗಳು ಚುನಾವಣೆ ತಡವಾದರೆ ದೇಶವೇ ಕೂಗಾಡುತ್ತದೆ. ಪುರಸಭೆಗೆ ಎರಡು ವರ್ಷ ತಡವಾದರೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದೆ. ಈ ಉದಾಸೀನಕ್ಕೆ ಮುಖ್ಯ ಕಾರಣ ನಮಗೆ ಕಾಣುವಂತೆ ಒಂದೇ. ಆ ಕುರ್ಚಿ ನಮಗೆ ಹೇಗೆ ದಕ್ಕಿತೆಂಬುದನ್ನು ನಾವು ಮರೆತಿದ್ದೇವೆ. ಮುಸಲ್ಮಾನರಂತೂ ಇದನ್ನು ಮರೆಯಬಾರದು. ಶಾಸನಸಭೆಯಲ್ಲಿ ನಮ್ಮ ಸಂಖ್ಯೆ ಎಷ್ಟೆಂದು ಲೆಕ್ಕ ಹಾಕುತ್ತ ಕೂರುವ ನಮಗೆ, ನಮ್ಮ ದಿನದ ಬದುಕು ಹೆಚ್ಚಾಗಿ ತಗಲಿಕೊಂಡಿರುವುದು ಪುರಸಭೆಯ ರಿಜಿಸ್ಟರಿನಲ್ಲಿ ಎಂಬುದು ತೋಚುವುದಿಲ್ಲ. ಜನನ ಪತ್ರ, ಮನೆಯ ಖಾತೆ, ಮಾಂಸದಂಗಡಿಯ ಪರವಾನಗಿ, ಸಂತೆಯ ಜಾಗ, ಕಬರಸ್ತಾನದ ಕಾಂಪೌಂಡು, ಎಲ್ಲವೂ ಅಲ್ಲೇ ಇವೆ.

ಊರನ್ನು ನೋಡಿಕೊಳ್ಳುವ ಅಧಿಕಾರಿ ನಮ್ಮ ದೇಶಕ್ಕೆ ಹೊಸಬನಲ್ಲ. ಅಬುಲ್ ಫಜಲನ ‘ಐನ್-ಎ-ಅಕ್ಬರಿ’ಯಲ್ಲಿ ಕೋತ್ವಾಲನ ಕೆಲಸಗಳ ಉದ್ದ ಪಟ್ಟಿಯಿದೆ. ಊರನ್ನು ಮೊಹಲ್ಲಾಗಳಾಗಿ ಹಂಚಬೇಕು, ಪ್ರತಿ ಮೊಹಲ್ಲಾಕ್ಕೂ ಒಬ್ಬ ಮುಖ್ಯಸ್ಥನನ್ನು ಇಡಬೇಕು, ಮನೆಗಳ ಪಟ್ಟಿ ಬರೆದಿಡಬೇಕು, ಬಂದವರು ಹೋದವರ ಲೆಕ್ಕವಿಡಬೇಕು, ತೂಕ-ಅಳತೆ ನೋಡಬೇಕು. ಇಂದಿನ ಪುರಸಭೆಯ ಅರ್ಧ ಕೆಲಸ ಅದರಲ್ಲಿದೆ. ಆದರೆ ಕೋತ್ವಾಲ ಉತ್ತರ ಕೊಡಬೇಕಾದದ್ದು ಬಾದಶಹನಿಗೆ, ಮೊಹಲ್ಲಾದವರಿಗಲ್ಲ.

ಕಂಪನಿ ಸರ್ಕಾರದ ಕಾಲದಲ್ಲಿ 1850ರ 26ನೆಯ ಕಾಯಿದೆ ಬಂತು. ಊರಿನವರು ಬೇಕೆಂದು ಕೇಳಿಕೊಂಡರೆ ಅಲ್ಲಿ ಮುನಿಸಿಪಾಲಿಟಿ ಮಾಡಬಹುದು ಎಂಬುದು ಅದರ ತಿರುಳು. ಮುಂಬಯಿ ಪ್ರಾಂತದಲ್ಲಿ ಅದು ಬೇಗ ಹಬ್ಬಿತು. ನಮ್ಮ ಭಾಗದಲ್ಲಿ ಹುಬ್ಬಳ್ಳಿಗೆ 1855ರಲ್ಲಿ, ಧಾರವಾಡಕ್ಕೆ 1856ರಲ್ಲಿ ಮುನಿಸಿಪಾಲಿಟಿ ಬಂತು. ಮೈಸೂರು ಸೀಮೆಯ ಬೆಂಗಳೂರಿನಲ್ಲಿ 1862ರಲ್ಲಿ ಒಂಬತ್ತು ಜನ ಗಣ್ಯರನ್ನು ಸೇರಿಸಿ ಮಂಡಳಿ ಮಾಡಿದರು. ಇವರನ್ನು ಯಾರೂ ಆರಿಸಿದ್ದಲ್ಲ, ಎಲ್ಲ ಸರ್ಕಾರ ಹೆಸರಿಸಿದವರೇ. ದಂಡಿನ ಸಿಪಾಯಿಗಳಿಗೆ ರೋಗ ಬರಬಾರದು, ಬೀದಿ ಗುಡಿಸುವ ಖರ್ಚು ಊರಿನವರ ಜೇಬಿನಿಂದಲೇ ಬರಬೇಕು ಎಂಬುದು ಸರ್ಕಾರದ ಮುಖ್ಯ ಚಿಂತೆಯಾಗಿತ್ತು. ಊರೊಳಗೆ ಬರುವ ಸರಕಿನ ಮೇಲೆ ಜಕಾತಿ ಹಾಕಿ ಆ ದುಡ್ಡು ಕೂಡಿಸಿದರು.

ಇದರಲ್ಲಿ ತಿರುವು ಬಂದದ್ದು 1882ರ ಮೇ 18ರಂದು. ಅಂದು ವೈಸರಾಯ್ ಲಾರ್ಡ್ ರಿಪ್ಪನ್ ಸರ್ಕಾರ ಸ್ಥಳೀಯ ಸ್ವರಾಜ್ಯದ ನಿರ್ಣಯ ಹೊರಡಿಸಿತು. ಮೂರರಲ್ಲಿ ಎರಡು ಪಾಲು ಸದಸ್ಯರು ಸರ್ಕಾರಿ ನೌಕರರಲ್ಲದವರಾಗಿರಬೇಕು, ಸಾಧ್ಯವಾದಲ್ಲೆಲ್ಲ ಅಧ್ಯಕ್ಷನೂ ಅಧಿಕಾರಿಯಾಗಿರಬಾರದು ಎಂದಿತು. ಆಡಳಿತ ತಕ್ಷಣ ಸುಧಾರಿಸುತ್ತದೆಂದು ತಾವು ಇದನ್ನು ಮಾಡುತ್ತಿಲ್ಲ, ಜನ ತಮ್ಮ ಕೆಲಸ ತಾವು ನೋಡಿಕೊಳ್ಳುವುದನ್ನು ಕಲಿಯಲೆಂದು ಮಾಡುತ್ತಿದ್ದೇವೆ, ಮೊದಮೊದಲು ತಪ್ಪುಗಳಾಗುತ್ತವೆ, ಆಗಲಿ ಎಂಬುದು ಆ ನಿರ್ಣಯದ ಭಾವ. ಜಿಲ್ಲೆಯ ಕಲೆಕ್ಟರುಗಳಿಗೆ ಇದು ರುಚಿಸಲಿಲ್ಲ. ಕುರ್ಚಿ ಬಿಡಲು ಅವರು ದಶಕಗಳನ್ನೇ ತೆಗೆದುಕೊಂಡರು. ಬೆಂಗಳೂರಿನಲ್ಲಿ ಗೌರವ ಅಧ್ಯಕ್ಷ ಬಂದದ್ದು 1913ರಲ್ಲಿ, ಆ ಸ್ಥಾನಕ್ಕೆ ಚುನಾವಣೆ ಬಂದದ್ದು ಇನ್ನೂ ಏಳು ವರ್ಷಕ್ಕೆ. 1926ರಲ್ಲಿ ಕಾರ್ಯಭಾರವನ್ನು ಸರ್ಕಾರ ನೇಮಿಸಿದ ಕಮಿಷನರ ಕೈಗೆ ಕೊಟ್ಟರು. ಗೌರವ ಚುನಾಯಿತರಿಗೆ, ಕಡತ ಅಧಿಕಾರಿಗೆ ಎಂಬ ಏರ್ಪಾಡಿನ ಬೇರು ಅಷ್ಟು ಹಿಂದಿನದು.

ರಿಪ್ಪನ್ನನ ನಿರ್ಣಯದ ಮರುವರ್ಷವೇ ಮುಸಲ್ಮಾನರ ಪ್ರಶ್ನೆ ಎದ್ದಿತು. ಎತ್ತಿದವರು ಸರ್ ಸೈಯದ್ ಅಹ್ಮದ್ ಖಾನ್. 1883ರ ಜನವರಿಯಲ್ಲಿ ಮಧ್ಯಪ್ರಾಂತಗಳ ಸ್ಥಳೀಯ ಸ್ವರಾಜ್ಯದ ಮಸೂದೆ ಚರ್ಚೆಗೆ ಬಂದಾಗ ಅವರು ವೈಸರಾಯರ ಶಾಸನ ಪರಿಷತ್ತಿನ ಸದಸ್ಯರಾಗಿದ್ದರು. ಜಾತಿ, ಧರ್ಮಗಳ ಭೇದ ಇಷ್ಟು ಗಟ್ಟಿಯಾಗಿರುವ ದೇಶದಲ್ಲಿ ಬರೀ ಚುನಾವಣೆ ಇಟ್ಟರೆ ದೊಡ್ಡ ಸಮುದಾಯ ಸಣ್ಣದನ್ನು ಮುಳುಗಿಸಿಬಿಡುತ್ತದೆ, ಆದ್ದರಿಂದ ಒಂದು ಪಾಲು ಸದಸ್ಯರನ್ನು ಸರ್ಕಾರವೇ ನಾಮಕರಣ ಮಾಡಬೇಕು ಎಂದು ಅವರು ವಾದಿಸಿದರು. ಅವರ ಭಯ ಸುಳ್ಳಾಗಿರಲಿಲ್ಲ. ಆದರೆ ಭಯಕ್ಕೆ ಅವರು ಸೂಚಿಸಿದ ಮದ್ದು, ಊರಿನ ಮುಸಲ್ಮಾನನನ್ನು ನೆರೆಯವನ ಕಡೆಗೆ ತಿರುಗಿಸದೆ ಕಲೆಕ್ಟರನ ಕಡೆಗೆ ತಿರುಗಿಸುವಂಥದಾಗಿತ್ತು. ನಾಮಕರಣವಾದ ಸದಸ್ಯ ನಾಮಕರಣ ಮಾಡಿದವನ ಮುಖ ನೋಡಬೇಕಲ್ಲವೆ?

1909ರ ಮಾರ್ಲೆ-ಮಿಂಟೋ ಸುಧಾರಣೆ ಶಾಸನಸಭೆಗಳಿಗೆ ಪ್ರತ್ಯೇಕ ಮತಕ್ಷೇತ್ರ ತಂದಿತು. 1916ರ ಸಂಯುಕ್ತ ಪ್ರಾಂತದ ಕಾಯಿದೆ ಅದನ್ನು ಮುನಿಸಿಪಾಲಿಟಿಗೂ ಇಳಿಸಿತು. ಒಂದೇ ಬೀದಿಯ ಎರಡು ಮನೆಗಳಿಗೆ ಎರಡು ಮತಪಟ್ಟಿಗಳಾದವು. ಮುಸಲ್ಮಾನ ಅಭ್ಯರ್ಥಿ ಹಿಂದೂವಿನ ಮನೆ ಬಾಗಿಲು ತಟ್ಟಬೇಕಾಗಿಲ್ಲ, ಹಿಂದೂ ಅಭ್ಯರ್ಥಿಗೂ ಮುಸಲ್ಮಾನನ ಬಾಗಿಲಲ್ಲಿ ಕೆಲಸವಿಲ್ಲ. ಸ್ಥಾನ ಖಾತ್ರಿಯಾಯಿತು, ನಿಜ. ಆದರೆ ಚರಂಡಿ ಎರಡೂ ಮನೆಗಳ ಮುಂದೆ ಒಂದೇ ಇತ್ತು. ತನ್ನವರ ಓಟಿನಿಂದಷ್ಟೇ ಗೆಲ್ಲಬೇಕಾದವನು ಚರಂಡಿಯ ಮಾತಿಗಿಂತ ತನ್ನವರ ಅಭಿಮಾನದ ಮಾತನ್ನೇ ಹೆಚ್ಚು ಆಡುತ್ತಾನೆ. ಎರಡೂ ಕಡೆ ಗಟ್ಟಿ ಗಂಟಲಿನವರಿಗೆ ಇದರಿಂದ ಅನುಕೂಲವಾಯಿತು.

ಈ ಏರ್ಪಾಡಿನ ಕೊನೆ ಕೂಡ ಒಂದು ಸಣ್ಣ ಊರಿನ ಪುರಸಭೆಯ ಮೊಕದ್ದಮೆಯಲ್ಲಿ ಬರೆಯಲ್ಪಟ್ಟಿತು. ಸಂವಿಧಾನ ಬಂದ ಮೇಲೂ ಉತ್ತರಪ್ರದೇಶದ ಏಟಾ ಪುರಸಭೆಯ ಉಪಚುನಾವಣೆ ಹಳೆಯ ಪ್ರತ್ಯೇಕ ಪಟ್ಟಿಯ ಮೇಲೆಯೇ ನಡೆದಿತ್ತು. ಊರಿನವರು ಸುಪ್ರೀಂ ಕೋರ್ಟಿಗೆ ಹೋದರು. 1953ರಲ್ಲಿ ನ್ಯಾಯಾಲಯ ಅವರ ಅರ್ಜಿಯನ್ನು ಬೇರೆ ಕಾರಣಕ್ಕೆ ತಳ್ಳಿಹಾಕಿದರೂ, ಧರ್ಮದ ಆಧಾರದ ಮೇಲೆ ಮತಪಟ್ಟಿ ಬೇರೆ ಮಾಡುವುದು ಸಂವಿಧಾನದ 15ನೆಯ ವಿಧಿಗೆ ವಿರುದ್ಧ ಎಂದು ಸ್ಪಷ್ಟವಾಗಿ ಹೇಳಿತು. ಅದಕ್ಕೆ ಮೊದಲೇ, 1949ರ ಮೇ ತಿಂಗಳಲ್ಲಿ, ಸಂವಿಧಾನ ಸಭೆ ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡವೆಂದು ತೀರ್ಮಾನಿಸಿತ್ತು. ಮೀಸಲಾತಿ ನಮ್ಮನ್ನು ಬಹುಸಂಖ್ಯಾತರಿಂದ ಎಂದೆಂದಿಗೂ ಬೇರೆಯಾಗಿಯೇ ಇಡುತ್ತದೆ ಎಂದು ಆ ಸಭೆಯಲ್ಲಿ ಗಟ್ಟಿಯಾಗಿ ವಾದಿಸಿದವರು ಬೇಗಂ ಐಜಾಜ್ ರಸೂಲ್, ಒಬ್ಬ ಮುಸ್ಲಿಂ ಮಹಿಳೆ.

ಪುರಸಭೆಯ ಒಂದು ಠರಾವು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದಕ್ಕೆ ನಾವು ಮಹಾಡಿನ ಕಡೆ ನೋಡಬೇಕು. ಅದು ಕೊಂಕಣದ ಸಣ್ಣ ಊರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳಿದ್ದ ಮುಂಬಯಿ ಪ್ರಾಂತಕ್ಕೇ ಸೇರಿದ್ದು. ಸಾರ್ವಜನಿಕ ಕೆರೆ, ಬಾವಿಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕೆಂದು 1923ರಲ್ಲಿ ಪ್ರಾಂತದ ಶಾಸನಸಭೆ ನಿರ್ಣಯಿಸಿದಾಗ, ಮಹಾಡ್ ಪುರಸಭೆ ಅದನ್ನು ಒಪ್ಪಿ ಮರುವರ್ಷ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದೆ ಎಂದು ಠರಾವು ಮಾಡಿತು. ಠರಾವು ಪುಸ್ತಕದಲ್ಲೇ ಉಳಿಯಿತು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದುಹೋಗಿ ಆ ನೀರು ಮುಟ್ಟಿದರು. ಅವರ ಮೇಲೆ ಹಲ್ಲೆಯಾಯಿತು. ಆಗಸ್ಟಿನಲ್ಲಿ ಪುರಸಭೆ ತನ್ನ ಠರಾವನ್ನೇ ರದ್ದು ಮಾಡಿತು. ಡಿಸೆಂಬರಿನಲ್ಲಿ ಮತ್ತೆ ಪರಿಷತ್ತು ಸೇರಲು ಊರಿನಲ್ಲಿ ಯಾರೂ ಜಾಗ ಕೊಡದಿದ್ದಾಗ ತನ್ನ ಜಮೀನು ಬಿಟ್ಟುಕೊಟ್ಟವರು ಫತ್ತೇಖಾನ್ ಎಂಬ ಮುಸಲ್ಮಾನ. ನ್ಯಾಯಾಲಯದ ಜಗಳ ಹತ್ತು ವರ್ಷ ನಡೆದು, 1937ರ ಮಾರ್ಚಿನಲ್ಲಿ ಮುಂಬಯಿ ಹೈಕೋರ್ಟು ಅಸ್ಪೃಶ್ಯರ ಪರ ತೀರ್ಪು ಕೊಟ್ಟಿತು.

ಈ ಕತೆಯಲ್ಲಿ ಎರಡು ಪಾಠಗಳಿವೆ. ಬಲವಿಲ್ಲದವರ ಬೆನ್ನಿಗೆ ಜನ ನಿಲ್ಲದಿದ್ದರೆ ಠರಾವು ಬರೀ ಶಾಯಿ. ಆದರೆ ಆ ಶಾಯಿಯೂ ಎಷ್ಟು ಭಾರವೆಂದರೆ, ಮೇಲುಜಾತಿಯವರು ಅದನ್ನು ಅಳಿಸಲು ಸಭೆ ಕರೆದು ಓಟು ಹಾಕಬೇಕಾಯಿತು. ಸಭೆಯೇ ಇಲ್ಲದಿದ್ದರೆ ಬರೆಯುವುದೂ ಇಲ್ಲ, ಅಳಿಸಿದವರು ಯಾರೆಂದು ತಿಳಿಯುವುದೂ ಇಲ್ಲ.

ಆ ಕಾಲದಲ್ಲಿ ದೇಶದ ದೊಡ್ಡವರಿಗೆ ಪುರಸಭೆ ಕೀಳೆನಿಸಿರಲಿಲ್ಲ. ಸೇಲಂ ಪುರಸಭೆಯ ಕುರ್ಚಿಯಲ್ಲಿ ರಾಜಾಜಿ, ಅಹಮದಾಬಾದಿನಲ್ಲಿ ವಲ್ಲಭಭಾಯಿ ಪಟೇಲ್, ಅಲಹಾಬಾದಿನಲ್ಲಿ ಜವಾಹರಲಾಲ್ ನೆಹರು, ಪಾಟ್ನಾದಲ್ಲಿ ರಾಜೇಂದ್ರ ಪ್ರಸಾದ್ ಕುಳಿತಿದ್ದರು. ಕಲ್ಕತ್ತೆಗೆ 1924ರಲ್ಲಿ ಚಿತ್ತರಂಜನ ದಾಸ್ ಮೇಯರಾದಾಗ ಉಪಮೇಯರಾಗಿ ಜೊತೆಗಿದ್ದವರು ಶಹೀದ್ ಸುಹ್ರವರ್ದಿ. ನೀರಿನ ಕೊಳವೆ, ದೀಪ, ಶಾಲೆಗಳ ಲೆಕ್ಕ ನೋಡಿದ ಮೇಲೆಯೇ ಇವರು ದೇಶದ ಲೆಕ್ಕ ನೋಡಿದರು. ಇಂದು ಶಾಸಕನಾಗಬಯಸುವವನಿಗೆ ಪುರಸಭೆ ಒಂದು ಮೆಟ್ಟಿಲು ಮಾತ್ರ. ಆದ ಮೇಲೆ ಅದೇ ಪುರಸಭೆ ಅವನ ಕೈಯೊಳಗಿನ ಗೊಂಬೆಯಾಗಿರಬೇಕು.

1956ರಲ್ಲಿ ಏಕೀಕರಣವಾದಾಗ ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗುಗಳ ಬೇರೆ ಬೇರೆ ಪುರಸಭೆಗಳು ಬೇರೆ ಬೇರೆ ಕಾನೂನುಗಳೊಂದಿಗೆ ಒಂದೇ ಮನೆಗೆ ಬಂದವು. 1964ರ ಪೌರಸಭೆಗಳ ಕಾಯಿದೆ ಅವುಗಳನ್ನು ಒಂದು ಮಾಡಿತು. ಆ ಕಾಯಿದೆಯಲ್ಲಿ ಶಾಸಕರೂ ಸಂಸದರೂ ಸಭೆಯ ಸದಸ್ಯರು, ಅವರಿಗೂ ಓಟುಂಟು. ಸಂಖ್ಯೆ ಸರಿಸಮವಾದಲ್ಲಿ ಅಧ್ಯಕ್ಷ ಯಾರೆಂದು ವಾರ್ಡಿನ ಜನಕ್ಕಿಂತ ಅವರೇ ತೀರ್ಮಾನಿಸುತ್ತಾರೆ. 1979ರಲ್ಲಿ ಕರ್ನಾಟಕ ಜಕಾತಿ ರದ್ದು ಮಾಡಿತು. ನಾಕಾಗಳ ಲಂಚ, ಲಾರಿಗಳ ಸಾಲು ತಪ್ಪಿದ್ದು ಒಳ್ಳೆಯದೇ. ಆದರೆ ಊರಿನ ಸ್ವಂತ ಥೈಲಿ ಬರಿದಾಗಿ, ಪುರಸಭೆ ಬೆಂಗಳೂರಿನ ಅನುದಾನಕ್ಕೆ ಕೈಯೊಡ್ಡುವಂತಾಯಿತು.

ಇವೆಲ್ಲಕ್ಕೂ ಉತ್ತರವಾಗಿ 74ನೆಯ ಸಂವಿಧಾನ ತಿದ್ದುಪಡಿ ಬಂತು. 1993ರ ಜೂನ್ 1ರಿಂದ ಅದು ಜಾರಿಯಲ್ಲಿದೆ. ಪುರಸಭೆ ಸರ್ಕಾರದ ದಯೆಯಿಂದಲ್ಲ, ಸಂವಿಧಾನದಿಂದ ಬದುಕುತ್ತದೆ ಎಂದು ಅದು ಹೇಳಿತು. ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ, ಮಧ್ಯೆ ವಿಸರ್ಜಿಸಿದರೆ ಆರು ತಿಂಗಳೊಳಗೆ ಚುನಾವಣೆ, ಅದನ್ನು ನಡೆಸಲು ರಾಜ್ಯ ಚುನಾವಣಾ ಆಯೋಗ. ಪರಿಶಿಷ್ಟರಿಗೆ ಜನಸಂಖ್ಯೆಗೆ ತಕ್ಕ ಮೀಸಲಾತಿ, ಮಹಿಳೆಯರಿಗೆ ಮೂರನೆಯ ಒಂದು ಪಾಲು. ಮುಂದೆ ನಮ್ಮ ರಾಜ್ಯ ಮಹಿಳೆಯರ ಪಾಲನ್ನು ಅರ್ಧಕ್ಕೆ ಏರಿಸಿತು. ಹಿಂದುಳಿದವರಿಗೆ ಕರ್ನಾಟಕ ಸುಮಾರು ಮೂರನೆಯ ಒಂದು ಭಾಗ ಕೊಟ್ಟು, ಅದರಲ್ಲಿ ನೂರಕ್ಕೆ ಎಂಬತ್ತನ್ನು ‘ಎ’ ಗುಂಪಿಗೆ, ಇಪ್ಪತ್ತನ್ನು ‘ಬಿ’ ಗುಂಪಿಗೆ ಹಂಚಿತು. ಮುಸಲ್ಮಾನರು ‘ಎ’ ಗುಂಪಿನಲ್ಲಿದ್ದಾರೆ.

ಇದು 1916ರ ದಾರಿಯಲ್ಲ ಎಂಬುದನ್ನು ನಾವು ಗಮನಿಸಬೇಕು. ಇಲ್ಲಿ ಮುಸಲ್ಮಾನ ನೇಕಾರನ ಜೊತೆ, ಕುರುಬನ ಜೊತೆ, ಮಡಿವಾಳನ ಜೊತೆ ಒಂದೇ ಪಟ್ಟಿಯಲ್ಲಿ ನಿಲ್ಲುತ್ತಾನೆ. ವಾರ್ಡಿನ ಎಲ್ಲರೂ ಅವನಿಗೆ ಓಟು ಹಾಕುತ್ತಾರೆ. ಲಿಂಗಾಯತರ ಓಣಿಗೂ ದಲಿತರ ಕೇರಿಗೂ ಹೋಗಿ ಕೈ ಮುಗಿಯದೆ ಅವನು ಗೆಲ್ಲಲಾರ. ಅಷ್ಟೇ ಅಲ್ಲ, ಅಲ್ಲಿನ ಅಭ್ಯರ್ಥಿಯೂ ನಮ್ಮ ಮೊಹಲ್ಲಾಕ್ಕೆ ಬರದೆ ಗೆಲ್ಲಲಾರ. ಟಿ.ವಿ.ಯಲ್ಲಿ ಒಬ್ಬರನ್ನೊಬ್ಬರು ಕಡಿಯಲು ಹೊರಟವರ ಪಕ್ಷದ ಸ್ಥಳೀಯ ಮುಖಂಡ ಚುನಾವಣೆಯ ವಾರದಲ್ಲಿ ಮಸೀದಿಯ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ನಿಂತಿರುವುದನ್ನು ಊರು ನೋಡಿಯೇ ಇದೆ. ಇದು ಪ್ರೀತಿಯಲ್ಲದಿರಬಹುದು, ಗರಜು ಇರಬಹುದು. ಗರಜು ಕೂಡ ಮನುಷ್ಯರನ್ನು ಮಾತನಾಡಿಸುತ್ತದೆ.

ದೋಷಗಳಿಲ್ಲವೆಂದು ನಾವು ಹೇಳುತ್ತಿಲ್ಲ. ಮಹಿಳೆ ಗೆದ್ದರೆ ಸಭೆಯಲ್ಲಿ ಗಂಡನೋ ಮಗನೋ ಮಾತನಾಡುವುದು, ಅಧ್ಯಕ್ಷರ ಆಯ್ಕೆಗೆ ಮುನ್ನ ಸದಸ್ಯರನ್ನು ಬಸ್ಸಿಗೆ ಹತ್ತಿಸಿ ರೆಸಾರ್ಟಿಗೆ ಸಾಗಿಸುವುದು, ಮಳಿಗೆಗಳ ಹರಾಜಿನಲ್ಲಿ ಎಲ್ಲ ಪಕ್ಷದವರೂ ಒಂದಾಗುವುದು, ಇವು ಗುಟ್ಟಿನ ಸಂಗತಿಗಳಲ್ಲ. ನಮ್ಮ ಮೊಹಲ್ಲಾಗಳ ಸದಸ್ಯರೂ ಇದರಿಂದ ಹೊರತಲ್ಲ. ನಮ್ಮವನೊಬ್ಬ ಗೆದ್ದನೆಂದು ಸಂಭ್ರಮಿಸಿ, ಅವನು ಐದು ವರ್ಷ ಏನು ಮಾಡಿದನೆಂದು ಕೇಳದೆ ಬಿಡುವ ಚಾಳಿ ನಮ್ಮಲ್ಲೂ ಇದೆ.

ಚುನಾಯಿತ ಸಭೆ ಇದ್ದಲ್ಲೆಲ್ಲ ಬಡವರಿಗೆ ನ್ಯಾಯ ಸಿಗುತ್ತದೆಂಬ ಭ್ರಮೆಯೂ ಬೇಡ. ಬಿ. ಬಸವಲಿಂಗಪ್ಪನವರು ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅದಾಗಿ ಮೂರು ದಶಕ ಕಳೆದ ಮೇಲೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಕಚೇರಿಯ ಮುಂದೆ ತಮ್ಮ ಮೈಮೇಲೆ ಮಲ ಸುರಿದುಕೊಂಡರು. ತಲೆಮಾರುಗಳಿಂದ ಊರಿನ ಮಲ ಹೊತ್ತವರನ್ನು ಅವರ ಗುಡಿಸಲುಗಳಿಂದ ಎಬ್ಬಿಸಲು ಹೊರಟದ್ದನ್ನು ಅವರು ಹಾಗೆ ವಿರೋಧಿಸಿದರು. ನವಾಬರ ಊರು, ಖಾರ ಮತ್ತು ವೀಳ್ಯದೆಲೆಗೆ ಹೆಸರಾದ ಊರು ಅಂದು ರಾಜ್ಯವೇ ತಲೆತಗ್ಗಿಸುವಂತೆ ಸುದ್ದಿಯಾಯಿತು. ಆ ಜನಕ್ಕೆ ಪುರಸಭೆಯ ಬಾಗಿಲಲ್ಲಿ ಮಾತಿನಿಂದ ಕೇಳಿಸಿಕೊಳ್ಳುವವರು ಇದ್ದಿದ್ದರೆ ದೇಹವನ್ನು ಹಾಗೆ ಬಳಸಬೇಕಾಗಿರಲಿಲ್ಲ. ಆ ಊರಿನಲ್ಲಿ ಹಿಂದೂಗಳೂ ಇದ್ದರು, ಮುಸಲ್ಮಾನರೂ ಇದ್ದರು. ತಮಗಿಂತ ಕೆಳಗಿನವರ ಪರ ನಿಲ್ಲಬೇಕಾದಾಗ ಫತ್ತೇಖಾನನ ನೆನಪು ನಮಗೆ ಬರುವುದಿಲ್ಲ, ತಮ್ಮ ಪಾಲು ಕೇಳುವಾಗ ಮಾತ್ರ ಸಂವಿಧಾನ ನೆನಪಾಗುತ್ತದೆ ಎಂದರೆ, ಆ ಆರೋಪಕ್ಕೆ ನಾವೆಲ್ಲರೂ ಉತ್ತರ ಕೊಡಬೇಕು.

ಆದರೂ ಆಡಳಿತಾಧಿಕಾರಿಯ ಆಳ್ವಿಕೆ ಇದಕ್ಕೆ ಮದ್ದಲ್ಲ. ಅಧಿಕಾರಿ ಒಳ್ಳೆಯವರಿರಬಹುದು, ಕಸದ ಗಾಡಿ ಹೊತ್ತಿಗೆ ಸರಿಯಾಗಿ ಬರಬಹುದು. ಆದರೆ ವರ್ಗವಾಗಿ ಹೋಗುವವರಿಗೆ ಊರಿನ ಹಂಗಿಲ್ಲ. ದೊಡ್ಡ ಮನುಷ್ಯರಿಗೆ ಸಭೆ ಇಲ್ಲದಿದ್ದರೂ ನಷ್ಟವಿಲ್ಲ, ಅವರು ಶಾಸಕರಿಗೆ ಫೋನು ಮಾಡುತ್ತಾರೆ. ತಳ್ಳುಗಾಡಿಯ ಹಣ್ಣಿನವನು, ಮೀನು ಮಾರುವವಳು, ಪೌರಕಾರ್ಮಿಕ ಯಾರಿಗೆ ಫೋನು ಮಾಡಬೇಕು? 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ ಪ್ರತಿ ಊರಿನ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಷ್ಟು ಜನ ವ್ಯಾಪಾರಿಗಳೇ ಆರಿಸಿದವರಿರಬೇಕು. 2022ರಲ್ಲಿ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲವೆಂಬ ಕೂಗು ಎದ್ದಾಗ ನಾವು ಟಿ.ವಿ. ಮುಂದೆ ಕುಳಿತು ಬೇಸರಪಟ್ಟೆವು. ನಮ್ಮ ಊರಿನಲ್ಲಿ ಅಂಥ ಸಮಿತಿ ಇದೆಯೇ, ಅದರ ಪಟ್ಟಿಯಲ್ಲಿ ಯಾರ ಹೆಸರಿದೆ ಎಂದು ಪುರಸಭೆಗೆ ಹೋಗಿ ಕೇಳಿದವರು ಎಷ್ಟು ಜನ?

ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಮಾತು ಬಾಕಿ ಇಟ್ಟಿಲ್ಲ. ಅವಧಿ ಮುಗಿಯುವ ಮೊದಲು ಚುನಾವಣೆ ಮಾಡುವುದು ಕಡ್ಡಾಯ ಎಂದು 2006ರಲ್ಲಿ ಅಹಮದಾಬಾದ್ ಪಾಲಿಕೆಯ ಮೊಕದ್ದಮೆಯಲ್ಲಿ ಹೇಳಿತು. ವಾರ್ಡು ಹಂಚಿಕೆ, ಮೀಸಲಾತಿ ಸಮೀಕ್ಷೆಗಳ ನೆಪ ಹೇಳಿ ಮುಂದೂಡುವಂತಿಲ್ಲ ಎಂದು 2022ರ ಮೇನಲ್ಲಿ ಮಧ್ಯಪ್ರದೇಶದ ಮೊಕದ್ದಮೆಯಲ್ಲಿ ಇನ್ನೊಮ್ಮೆ ಹೇಳಿತು. ತೀರ್ಪು ಪತ್ರಿಕೆಯಲ್ಲಿ ಬಂತು, ಚಹಾದಂಗಡಿಯಲ್ಲಿ ಓದಿ ಮಡಚಿಟ್ಟರು. ಕೇಳುವವರಿಲ್ಲದ ಹಕ್ಕನ್ನು ಯಾವ ಕೋರ್ಟೂ ಮನೆಗೆ ತಂದು ಕೊಡುವುದಿಲ್ಲ.

ಮಾಡಬಹುದಾದ ಕೆಲಸ ಸಣ್ಣದು. ಪುರಸಭೆಯ ಐದು ವರ್ಷ ಶುರುವಾಗುವುದು ಅದರ ಮೊದಲ ಸಭೆಗೆ ಗೊತ್ತುಮಾಡಿದ ದಿನದಿಂದ. ಆ ದಿನಾಂಕ ನಡಾವಳಿ ಪುಸ್ತಕದಲ್ಲಿ ಇರುತ್ತದೆ. ಕೊಡದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಅದಕ್ಕೆ ಐದು ವರ್ಷ ಕೂಡಿಸಿ ಬಂದ ದಿನವನ್ನು ಮಸೀದಿಯ ಕಟ್ಟೆಯಲ್ಲಿ, ಗುಡಿಯ ಕಟ್ಟೆಯಲ್ಲಿ, ಅದೇ ಚಹಾದಂಗಡಿಯ ಗೋಡೆಯಲ್ಲಿ ಬರೆದಿಡಲಿ. ಆ ದಿನಕ್ಕೆ ಆರು ತಿಂಗಳು ಮೊದಲೇ ಎಲ್ಲ ಓಣಿಯವರು ಒಂದೇ ಮನವಿಗೆ ಸಹಿ ಹಾಕಿ ಚುನಾವಣಾ ಆಯೋಗಕ್ಕೂ ಜಿಲ್ಲಾಧಿಕಾರಿಗೂ ಕಳಿಸಲಿ. ದೆಹಲಿಯ ಸರ್ಕಾರವನ್ನು ಅದೇ ಅಂಗಡಿಯಲ್ಲಿ ಬೀಳಿಸುವುದನ್ನು ಆಮೇಲೆ ಮುಂದುವರಿಸಬಹುದು.